‘ಇಲ್ಲ’ ಮತ್ತು ‘ಕಾಣಲಿಲ್ಲ’

ಶಾಲೆಯ ಪ್ರಶ್ನೆಪತ್ರಿಕೆಯ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ವಿಭಾಗವನ್ನು ನಾವೆಲ್ಲರೂ ದಾಟಿ ಬಂದವರೇ. ‘ಕೊಕ್ಕನೂರು ______ ತಾಲೂಕಿನಲ್ಲಿದೆ.’ ಹರಿಹರ ಎಂದು ಬರೆದರೆ ಒಂದು ಅಂಕ. ಏನೂ ಬರೆಯದೆ ಬಿಟ್ಟರೆ ಸೊನ್ನೆ. ಆದರೆ ಒಬ್ಬ ಹುಡುಗ ಆ ಜಾಗವನ್ನು ಖಾಲಿ ಬಿಟ್ಟ ಮಾತ್ರಕ್ಕೆ ಕೊಕ್ಕನೂರು ಯಾವ ತಾಲೂಕಿನಲ್ಲೂ ಇಲ್ಲ ಎಂದು ಯಾವ ಮೇಷ್ಟರೂ ತೀರ್ಮಾನಿಸುವುದಿಲ್ಲ. ಹುಡುಗನಿಗೆ ಗೊತ್ತಿಲ್ಲ, ಅಷ್ಟೇ. ಇಷ್ಟು ಸರಳವಾದ ವಿವೇಕವನ್ನು ನಾವು ಕಂಪ್ಯೂಟರಿನ ಮುಂದೆ ಕುಳಿತಾಗ ಯಾಕೆ ಮರೆಯುತ್ತೇವೆ ಎಂಬುದು ಈ ಬರಹದ ಪ್ರಶ್ನೆ.

ಇಂದು ಜಗತ್ತಿನ ಬಹಳಷ್ಟು ತಿಳಿವಳಿಕೆಯನ್ನು ಒಂದಕ್ಕೊಂದು ಕೊಂಡಿ ಹಾಕಿದ ಪುಟ್ಟ ವಾಕ್ಯಗಳಾಗಿ ಕೂಡಿಡಲಾಗುತ್ತಿದೆ. ಪ್ರತಿ ವಾಕ್ಯಕ್ಕೂ ಮೂರೇ ಭಾಗ: ಯಾವುದರ ಬಗ್ಗೆ, ಯಾವ ಸಂಬಂಧ, ಯಾವುದರ ಜೊತೆ. ‘ಕೊಕ್ಕನೂರು – ಇರುವ ತಾಲೂಕು – ಹರಿಹರ.’ ‘ಹರಿಹರ – ಇರುವ ಜಿಲ್ಲೆ – ದಾವಣಗೆರೆ.’ ಮೊದಲ ವಾಕ್ಯದ ಕೊನೆಯಲ್ಲಿದ್ದ ಹರಿಹರ ಎರಡನೆಯದರ ಮೊದಲಿಗೆ ಬಂದದ್ದರಿಂದ ಅವೆರಡೂ ಬೆಸೆದುಕೊಂಡವು. ಹೀಗೆ ಬೆಸೆಯುತ್ತಾ ಹೋದರೆ ಬಲೆಯಂಥ ಒಂದು ಜಾಲ ಹುಟ್ಟುತ್ತದೆ. ಇಂಥ ಬರವಣಿಗೆಗೆ ಆರ್‌ಡಿಎಫ್ ಎಂಬ ಕಟ್ಟಳೆ ರೂಪುಗೊಂಡದ್ದು 1999ರಲ್ಲಿ. ಅದರಲ್ಲಿ ಹುಡುಕಲು ಸ್ಪಾರ್ಕಲ್ ಎಂಬ ಪ್ರಶ್ನೆಭಾಷೆ 2008ರಲ್ಲಿ ಅಧಿಕೃತವಾಯಿತು. ವಿಕಿಪೀಡಿಯದ ಒಡಹುಟ್ಟು ಎನ್ನಬಹುದಾದ ವಿಕಿಡೇಟಾ 2012ರಲ್ಲಿ ಆರಂಭವಾಗಿ, ಇಂದು ಅದರಲ್ಲಿ ಹತ್ತು ಕೋಟಿಗೂ ಹೆಚ್ಚು ವಸ್ತುಗಳಿಗೆ ಗುರುತಿನ ಸಂಖ್ಯೆ ಇದೆ. ಅಲ್ಲಿ ಕರ್ನಾಟಕವೆಂದರೆ ಕ್ಯೂ 1185.

ಹೆಸರಿದ್ದೂ ಸಂಖ್ಯೆ ಯಾಕೆ? ಒಂದೇ ಹೆಸರಿನ ಹತ್ತು ಊರುಗಳು ಇರುವ ನಾಡು ನಮ್ಮದು. ಈ ತೊಡಕು ಹೊಸದೂ ಅಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳನ್ನು ತಾಲೂಕಿನ ಹೆಸರು ಮತ್ತು ಒಂದು ಸಂಖ್ಯೆಯಿಂದ ಗುರುತಿಸಿದರು. ಸಂಶೋಧಕರು ಇಂದಿಗೂ ಆ ಸಂಖ್ಯೆಯನ್ನೇ ಹಿಡಿದು ಮಾತಾಡುತ್ತಾರೆ.

ಪ್ರಶ್ನೆ ಕೇಳುವ ಬಗೆಯೂ ಬಿಟ್ಟ ಸ್ಥಳದ ಬಗೆಯೇ. ‘?ಊರು – ಇರುವ ತಾಲೂಕು – ಹರಿಹರ’ ಎಂದು ಬರೆದರೆ ಯಂತ್ರವು ಆ ಖಾಲಿ ಜಾಗದಲ್ಲಿ ಕೂರಬಲ್ಲ ಊರುಗಳನ್ನೆಲ್ಲ ತಂದಿಡುತ್ತದೆ. ಎರಡು ವಾಕ್ಯಗಳಲ್ಲಿ ಒಂದೇ ಖಾಲಿ ಜಾಗವನ್ನು ಇಟ್ಟರೆ ಎರಡಕ್ಕೂ ಹೊಂದುವುದನ್ನು ಮಾತ್ರ ತರುತ್ತದೆ. ಕನ್ನಡದ ಕಿವಿಗೆ ಇದು ಹೊಸದೇನಲ್ಲ. ‘ಯಾವ ಊರು ಹರಿಹರ ತಾಲೂಕಿನಲ್ಲಿದೆಯೋ, ಯಾವ ಊರಿನಲ್ಲಿ ಶಾಸನವಿದೆಯೋ, ಆ ಊರು’ ಎನ್ನುವಾಗ ನಾವು ಮಾಡುವುದು ಇದನ್ನೇ. ಸೋದರಮಾವ ಎಂಬ ಒಂದು ಪದವೂ ಇಂಥದೇ ಪ್ರಶ್ನೆ: ಇವನ ತಾಯಿ ಯಾರೋ, ಆ ತಾಯಿಯ ಅಣ್ಣನೋ ತಮ್ಮನೋ ಯಾರೋ, ಅವರು.

ಇಲ್ಲಿಯವರೆಗೆ ಎಲ್ಲವೂ ಸಲೀಸು. ತೊಡಕು ಶುರುವಾಗುವುದು ಉತ್ತರ ಬಾರದಿದ್ದಾಗ.

ದಾವಣಗೆರೆ ಜಿಲ್ಲೆಯಲ್ಲಿ ಹುಟ್ಟಿದ ಬರಹಗಾರರ ಹೆಸರು ಮತ್ತು ಹುಟ್ಟಿದ ವರ್ಷ ಬೇಕೆಂದು ಒಬ್ಬ ವಿದ್ಯಾರ್ಥಿ ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಪ್ರಶ್ನೆಯಲ್ಲಿ ಎರಡೂ ಸಾಲುಗಳಿವೆ, ಎರಡೂ ಹೊಂದಲೇಬೇಕು. ಹುಟ್ಟಿದ ವರ್ಷ ದಾಖಲಾಗದ ಬರಹಗಾರ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋಗುತ್ತಾನೆ. ವರ್ಷದ ಕಾಲಂ ಖಾಲಿ ಉಳಿಯುವುದಲ್ಲ, ಆ ಮನುಷ್ಯನೇ ಪಟ್ಟಿಯಲ್ಲಿ ಇರುವುದಿಲ್ಲ. ಹುಟ್ಟಿದ್ದು ದೊಡ್ಡ ಬರ ಬಂದ ವರ್ಷ ಎಂದೋ, ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದ ತಾರೀಖೇ ತಾರೀಖು ಎಂದೋ ಹೇಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ! ಅವರಲ್ಲಿ ತತ್ವಪದ ಕಟ್ಟಿದವರು, ಬಯಲಾಟದ ಪ್ರಸಂಗ ಬರೆದವರು ಇದ್ದರೆ ಈ ಪಟ್ಟಿಗೆ ಅವರು ಹುಟ್ಟಿಯೇ ಇಲ್ಲ. ಸ್ಪಾರ್ಕಲ್‌ನಲ್ಲಿ ಇದಕ್ಕೆ ಮದ್ದು ಇದೆ. ವರ್ಷದ ಸಾಲನ್ನು ‘ಆಪ್ಷನಲ್’ ಎಂದು ಗುರುತಿಸಿದರೆ, ಸಿಕ್ಕರೆ ವರ್ಷ ಬರುತ್ತದೆ, ಸಿಗದಿದ್ದರೆ ಖಾಲಿ ಜಾಗದೊಂದಿಗೆ ಆ ಹೆಸರು ಉಳಿಯುತ್ತದೆ. ಒಂದೇ ಪದದ ವ್ಯತ್ಯಾಸ. ಆದರೆ ಅದನ್ನು ಹಾಕಬೇಕೋ ಬೇಡವೋ ಎಂಬುದು ಬರಿಯ ತಾಂತ್ರಿಕ ಆಯ್ಕೆಯಲ್ಲ. ಪುರಾವೆ ಪೂರ್ತಿ ಇಲ್ಲದವರಿಗೂ ಪಂಕ್ತಿಯಲ್ಲಿ ಎಲೆ ಹಾಕಬೇಕೇ ಎಂಬ ಪ್ರಶ್ನೆ ಅದು.

ಇದಕ್ಕಿಂತ ದೊಡ್ಡ ಅಪಾಯ ‘ಇಲ್ಲದ್ದನ್ನು’ ಕೇಳುವಾಗ ಎದುರಾಗುತ್ತದೆ. ‘ಗ್ರಂಥಾಲಯ ಇಲ್ಲದ ಊರುಗಳು ಯಾವುವು?’ ಎಂದು ಕೇಳಲು ಈ ಭಾಷೆಯಲ್ಲಿ ‘ನಾಟ್ ಎಗ್ಸಿಸ್ಟ್ಸ್’ ಎಂಬ ಪದವಿದೆ. ಹೆಸರು ಕೇಳಿದರೆ ‘ಅಸ್ತಿತ್ವದಲ್ಲಿಲ್ಲ’ ಎಂದೇ ಅರ್ಥ. ಯಂತ್ರ ಮಾಡುವ ಕೆಲಸ ಮಾತ್ರ ಅಷ್ಟು ದೊಡ್ಡದಲ್ಲ. ತನ್ನ ಜಾಲದಲ್ಲಿ ಅಂಥ ವಾಕ್ಯ ಇದೆಯೇ ಎಂದು ನೋಡುತ್ತದೆ, ಸಿಗದಿದ್ದರೆ ಆ ಊರನ್ನು ಪಟ್ಟಿಗೆ ಸೇರಿಸುತ್ತದೆ. ಪಟ್ಟಿಯಲ್ಲಿ ಗ್ರಂಥಾಲಯ ನಿಜಕ್ಕೂ ಇಲ್ಲದ ಊರೂ ಇರುತ್ತದೆ, ಇದ್ದದ್ದನ್ನು ಯಾರೂ ಬರೆಯದ ಊರೂ ಇರುತ್ತದೆ. ಎರಡನ್ನೂ ಬೇರ್ಪಡಿಸುವ ಗೆರೆ ಆ ಪಟ್ಟಿಯಲ್ಲಿಲ್ಲ.

ನಮ್ಮ ದರ್ಶನಕಾರರು ಈ ಗೆರೆಯನ್ನು ಬಹಳ ಹಿಂದೆಯೇ ಎಳೆದಿದ್ದರು. ಕುಮಾರಿಲ ಭಟ್ಟರ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು ಒಂದು ಪ್ರತ್ಯೇಕ ಪ್ರಮಾಣವೆಂದು ಒಪ್ಪುತ್ತಾರೆ. ಅಂದರೆ, ಕಾಣದಿರುವುದರಿಂದಲೇ ‘ಇಲ್ಲ’ ಎಂಬ ಜ್ಞಾನ ಹುಟ್ಟಬಹುದು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಅವರು ಒಂದು ಷರತ್ತು ಹಾಕಿದರು: ಅದು ‘ಯೋಗ್ಯ’ ಅನುಪಲಬ್ಧಿಯಾಗಿರಬೇಕು. ಗಡಿಗೆ ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಬೆಳಕಿದೆ, ಕಣ್ಣು ಸರಿಯಿದೆ, ಅಡ್ಡವೇನಿಲ್ಲ, ಆದರೂ ಕಾಣಲಿಲ್ಲ ಎಂದಾದರೆ ಮಾತ್ರ ‘ಇಲ್ಲ’ ಎನ್ನಬಹುದು. ಕತ್ತಲಕೋಣೆಯಲ್ಲಿ ಕಾಣದ್ದು ಗಡಿಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಕತ್ತಲೆಯ ಬಗ್ಗೆ ಮಾತ್ರ ಹೇಳುತ್ತದೆ.

ಕೊಂಡಿ ಹಾಕಿದ ಮಾಹಿತಿಯ ಜಾಲವೂ ಹೀಗೆಯೇ. ಅದರಲ್ಲಿ ಕೆಲವು ಮೂಲೆಗಳು ಬೆಳಕಿನಲ್ಲಿವೆ, ಉಳಿದವು ಕತ್ತಲಲ್ಲಿ. ಕರ್ನಾಟಕದ ಜಿಲ್ಲೆಗಳು 31. ಆ ಪಟ್ಟಿ ಪೂರ್ತಿಯಿರುವುದರಿಂದ ಅದರಲ್ಲಿ ಕಾಣದ ಹೆಸರು ಜಿಲ್ಲೆಯಲ್ಲ ಎನ್ನಲು ಅಡ್ಡಿಯಿಲ್ಲ. 2011ರ ಜನಗಣತಿ ಪ್ರತಿ ಹಳ್ಳಿಗೂ ಸಂಕೇತ ಸಂಖ್ಯೆ ಕೊಟ್ಟಿದೆ. ಅಲ್ಲಿಯೂ ಸಾಕಷ್ಟು ಬೆಳಕಿದೆ. ಆದರೆ ಕೊಕ್ಕನೂರಿನಲ್ಲಿ ಸೋಬಾನೆ ಹಾಡುವವರು ಯಾರಿದ್ದಾರೆ, ಯಾವ ಕೆರೆಗೆ ಯಾವ ಕಥೆಯಿದೆ ಎಂದು ಕೇಳಿದಾಗ ಬರುವ ಸೊನ್ನೆ ಕತ್ತಲಿನ ಸೊನ್ನೆ.

ಈ ಬೆಳಕು ಹಂಚಿಕೆಯಾದ ರೀತಿ ಆಕಸ್ಮಿಕವೂ ಅಲ್ಲ. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೋಲಾಳ್ವ ಕಟ್ಟಿಸಿದ. ಕಲ್ಲಿನಲ್ಲಿ ಬರೆದದ್ದರಿಂದ ನಮಗದು ಗೊತ್ತು. ದಾನ ಕೊಟ್ಟವರ ಮತ್ತು ಪಡೆದವರ ಹೆಸರು ಶಾಸನಗಳಲ್ಲಿ ಸಿಗುವಷ್ಟು ಸುಲಭವಾಗಿ, ದಾನವಾದ ಆ ಗದ್ದೆಯಲ್ಲಿ ದುಡಿದವರ ಹೆಸರು ಸಿಗುವುದಿಲ್ಲ. ಶಾಸನ ಪುಸ್ತಕವಾಯಿತು, ಪುಸ್ತಕ ಈಗ ಜಾಲವಾಗುತ್ತಿದೆ. ಅಂದು ಬಿಟ್ಟುಹೋದವರು ಪ್ರತಿ ಹೆಜ್ಜೆಯಲ್ಲೂ ಮತ್ತೆ ಬಿಟ್ಟುಹೋಗುತ್ತಾರೆ. ಕೊನೆಗೆ ಯಂತ್ರ ‘ಫಲಿತಾಂಶ ಸೊನ್ನೆ’ ಎಂದಾಗ, ಎಂಟು ನೂರು ವರ್ಷದ ಮೌನಕ್ಕೆ ಲೆಕ್ಕದ ಮುದ್ರೆ ಬೀಳುತ್ತದೆ.

ಕೆಲವೊಮ್ಮೆ ಕತ್ತಲೆ ಇನ್ನೂ ಆಳದಲ್ಲಿರುತ್ತದೆ. ಕೊಕ್ಕನೂರು ಹನುಮಪ್ಪ ತಮ್ಮ ಮನೆದೇವರು ಎನ್ನುವ ಒಂದು ಕುಟುಂಬವಿದೆ ಎನ್ನೋಣ. ದೂರದ ಊರಿನಲ್ಲಿದ್ದರೂ ಆ ಸಂಬಂಧ ಅವರ ಮದುವೆ, ಜವಳ, ಜಾತ್ರೆಗಳನ್ನೆಲ್ಲ ನಡೆಸುತ್ತದೆ. ಜಾಲದಲ್ಲಿ ‘ಮನೆದೇವರು’ ಎಂಬ ಸಂಬಂಧಕ್ಕೆ ಒಂದು ಹೆಸರನ್ನೇ ಇಟ್ಟಿರದಿದ್ದರೆ ಅದನ್ನು ಬರೆಯಲೂ ಆಗದು, ಕೇಳಲೂ ಆಗದು. ಉತ್ತರ ಖಾಲಿ ಎಂದು ತಿಳಿಯಲು ಕೂಡ ಮೊದಲು ಪ್ರಶ್ನೆ ಕೇಳಲು ಬರಬೇಕಲ್ಲ!

ಇನ್ನು ಬೆಳಕಿನಲ್ಲಿರುವ ಉತ್ತರವೂ ತಾರೀಖಿಲ್ಲದೆ ಪೂರ್ತಿಯಲ್ಲ. ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ? 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ಇತ್ತ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರದಲ್ಲಿದೆ. ಊರು ಕದಲದೆ ಕುಳಿತಿದ್ದರೂ ಸರಿಯುತ್ತರ ಮೂರು ಸಲ ಬದಲಾಯಿತು.

ಹಾಗಾದರೆ ಖಾಲಿ ಉತ್ತರವನ್ನು ಎಂದೂ ನಂಬಬಾರದೇ? ಎಲ್ಲವೂ ದಾಖಲಾಗುವವರೆಗೆ ಕಾಯುತ್ತ ಕುಳಿತರೆ ಯಾವ ಊರಿಗೂ ಗ್ರಂಥಾಲಯ ಬರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಯೋಗ್ಯತೆಯ ಷರತ್ತು ಕೈಕಟ್ಟಿ ಕೂರಿಸುವುದಕ್ಕಲ್ಲ. ಅದು ಕೇಳುವುದು ಒಂದೇ: ತೀರ್ಮಾನಕ್ಕೆ ಮೊದಲು ಇಲ್ಲಿ ಬೆಳಕಿತ್ತೇ ಎಂದು ನೋಡು. ಇರದಿದ್ದರೆ ಯಾರನ್ನಾದರೂ ಕಳಿಸಿ ನೋಡಿಸು, ಇಲ್ಲವೇ ಫೋನು ಮಾಡಿ ಕೇಳು. ಎಲ್ಲ ಕತ್ತಲೆಗೂ ದೀಪ ಹಿಡಿಯಬೇಕೆಂದೂ ಇಲ್ಲ. ತನ್ನ ಜಾತಿ, ಕಾಯಿಲೆ, ಸಾಲ ಯಾವ ಜಾಲದಲ್ಲೂ ಕೊಂಡಿಯಾಗಬಾರದೆಂದು ಬಯಸುವ ಹಕ್ಕು ಎಲ್ಲರಿಗೂ ಇದೆ. ಅಂಥವರ ಮೌನವನ್ನು ತುಂಬಬೇಕಿಲ್ಲ, ಅದನ್ನು ‘ಇಲ್ಲ’ ಎಂದು ಓದದಿದ್ದರೆ ಸಾಕು.

ವಿಕಿಡೇಟಾದಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಗೆ ಮಕ್ಕಳಿರಲಿಲ್ಲ ಎಂಬಂಥ ಖಚಿತ ಇಲ್ಲವನ್ನು ‘ಮೌಲ್ಯವಿಲ್ಲ’ ಎಂದು ಬರೆಯಬಹುದು. ಇದೆ, ಆದರೆ ಏನೆಂದು ತಿಳಿಯದು ಎನ್ನುವುದಕ್ಕೆ ‘ಅಜ್ಞಾತ ಮೌಲ್ಯ’ ಎಂದು ಬರೆಯಬಹುದು. ಯಾರೂ ಏನೂ ಬರೆಯದೆ ಬಿಟ್ಟದ್ದು ಇವೆರಡಕ್ಕಿಂತ ಬೇರೆ. ಕನ್ನಡದಲ್ಲಿ ಇವಕ್ಕೆ ಹೊಸ ಪದ ಟಂಕಿಸಬೇಕಾಗಿಲ್ಲ. ‘ಇಲ್ಲ’, ‘ಗೊತ್ತಿಲ್ಲ’, ‘ಕಾಣಲಿಲ್ಲ’ ಎಂಬ ಮೂರು ಮಾತುಗಳನ್ನು ನಾವು ದಿನವೂ ಬೇರೆಬೇರೆಯಾಗಿಯೇ ಬಳಸುತ್ತೇವೆ. ಯಂತ್ರ ತಂದುಕೊಡುವುದು ಬಹುಪಾಲು ಮೂರನೆಯದನ್ನು. ಅದನ್ನು ಮೊದಲನೆಯದಾಗಿ ಬದಲಾಯಿಸಿ ವರದಿಯಲ್ಲೋ ಪ್ರಬಂಧದಲ್ಲೋ ಬರೆಯುವವರು ನಾವು. ಆದ್ದರಿಂದ ಆ ಬದಲಾವಣೆಯ ಹೊಣೆಯೂ ನಮ್ಮದೇ.