ಸ್ವಾತಂತ್ರ್ಯದ ಫಲ ಯಾರಿಗೆ?

ಒಂದು ಕಾರ್ಯವು ದಕ್ಷತೆಯಿಂದಲೂ ಧೈರ್ಯದಿಂದಲೂ ನೆರವೇರಿದ ಮಾತ್ರಕ್ಕೆ ಅದು ಧರ್ಮಕಾರ್ಯವೆನಿಸುವುದೆ? ಅಮೆರಿಕ ಖಂಡದ ಇತಿಹಾಸದ ಒಂದು ಕಿರು ಅಧ್ಯಾಯವು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸುತ್ತದೆ.

1836ರ ಮಾರ್ಚ್ 2ರಂದು ಟೆಕ್ಸಾಸ್ ಪ್ರಾಂತ್ಯವು ಮೆಕ್ಸಿಕೋದಿಂದ ಬೇರ್ಪಟ್ಟು ಸ್ವಾತಂತ್ರ್ಯವನ್ನು ಘೋಷಿಸಿಕೊಂಡಿತು. ಆ ಹೊಸ ಗಣರಾಜ್ಯದ ನೌಕಾಬಲವೆಂದರೆ ಲಿಬರ್ಟಿ, ಇನ್ವಿನ್ಸಿಬಲ್, ಇಂಡಿಪೆಂಡೆನ್ಸ್, ಬ್ರೂಟಸ್ ಎಂಬ ನಾಲ್ಕೇ ಹಾಯಿಹಡಗುಗಳು. ಸಾಂತಾ ಆನಾನ ಮೆಕ್ಸಿಕನ್ ಸೇನೆಯು ಒಳನಾಡಿನಲ್ಲಿ ಮುನ್ನುಗ್ಗುತ್ತಿತ್ತು. ಅಂತಹ ದಂಡಿಗೆ ದೂರದ ನೆಲದಾರಿಯಿಂದ ಅನ್ನವನ್ನೂ ಮದ್ದುಗುಂಡನ್ನೂ ಒದಗಿಸುವುದು ಕಷ್ಟ, ಕಡಲದಾರಿಯೇ ಸುಗಮ. ಆ ದಾರಿಗೆ ಈ ಹಡಗುಗಳು ಅಡ್ಡನಿಂತವು. ಏಪ್ರಿಲ್ ತಿಂಗಳಲ್ಲಿ ಇನ್ವಿನ್ಸಿಬಲ್ ಹಡಗು, ಮೆಕ್ಸಿಕೋ ಸೇನೆಗೆ ಸಾಮಗ್ರಿ ಹೊತ್ತಿದ್ದ 'ಪಾಕೆಟ್' ಎಂಬ ನೌಕೆಯನ್ನು ಹಿಡಿಯಿತು. ಏಪ್ರಿಲ್ 21ರಂದು ಸ್ಯಾನ್ ಜಸಿಂಟೊ ಬಯಲಿನಲ್ಲಿ ಹೂಸ್ಟನ್ ಜಯಶಾಲಿಯಾದನು; ಮರುದಿನ ಸಾಂತಾ ಆನಾ ಸೆರೆಸಿಕ್ಕಿದನು.

ಕೀರ್ತಿಯೆಲ್ಲ ಬಯಲಿನ ಯುದ್ಧಕ್ಕೆ ಸಂದಿತು. 1837 ಮುಗಿಯುವಷ್ಟರಲ್ಲಿ ಒಂದು ಹಡಗು ಮಾರಾಟವಾಗಿ, ಒಂದು ಶತ್ರುವಿನ ವಶವಾಗಿ, ಉಳಿದೆರಡು ಕಡಲಿನ ಪಾಲಾಗಿದ್ದವು. ಯಾರ ಕಣ್ಣಿಗೂ ಬೀಳದೆ ದುಡಿದು ಮರೆಯಾದ ಈ ಸೇವೆಯನ್ನು ಕಾಯಕವೆನ್ನಲು ಮನಸ್ಸು ಮುಂದಾಗುತ್ತದೆ.

ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಮೆಕ್ಸಿಕೋ 1829ರಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಲು ಆಜ್ಞೆ ಹೊರಡಿಸಿತ್ತು. ಟೆಕ್ಸಾಸಿನ 1836ರ ಸಂವಿಧಾನವಾದರೋ ಗುಲಾಮರನ್ನು ಬಿಡುಗಡೆಗೊಳಿಸುವ ಅಧಿಕಾರವನ್ನು ತನ್ನ ಶಾಸನಸಭೆಗೇ ಕೊಡಲಿಲ್ಲ. 'ಸ್ವಾತಂತ್ರ್ಯ'ವೆಂಬ ಅರ್ಥದ ಹೆಸರುಗಳನ್ನು ಹೊತ್ತ ಹಡಗುಗಳು ಕಾದಿದ್ದು ಇಂತಹ ಸ್ವಾತಂತ್ರ್ಯವನ್ನು!

ನಾವಿಕನು ಸಂವಿಧಾನವನ್ನು ಬರೆದವನಲ್ಲ, ಅವನಿಗೇಕೆ ದೋಷ ಎಂದು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಅವನ ಧೈರ್ಯವನ್ನು ನಾವು ಹಳಿಯುವುದಿಲ್ಲ. ಆದರೆ ಶರಣರು ಕಾಯಕದೊಡನೆ ದಾಸೋಹವನ್ನು ಸೇರಿಸಿದ್ದು ಸುಮ್ಮನೆಯಲ್ಲ. ದುಡಿಮೆ ಎಷ್ಟೇ ಶುದ್ಧವಾಗಿರಲಿ, ಅದರ ಫಲ ಹಂಚಿಕೆಯಾಗದಿದ್ದರೆ ಕಾಯಕವು ಅಪೂರ್ಣ. ಆದ್ದರಿಂದ ದುಡಿಯುವವನು 'ಹೇಗೆ ಮಾಡಿದೆ' ಎಂಬುದರ ಜೊತೆಗೆ 'ಯಾರಿಗಾಗಿ ಮಾಡಿದೆ' ಎಂದೂ ತನ್ನನ್ನು ಕೇಳಿಕೊಳ್ಳಬೇಕು.

ಆ ಹಡಗುಗಳ ನೆಲೆಯಾಗಿದ್ದ ಗ್ಯಾಲ್ವೆಸ್ಟನ್ ಬಂದರಿನಲ್ಲಿಯೇ 1865ರ ಜೂನ್ 19ರಂದು, ಟೆಕ್ಸಾಸಿನ ಗುಲಾಮರೆಲ್ಲರೂ ಸ್ವತಂತ್ರರೆಂಬ ಆಜ್ಞೆಯನ್ನು ಸಾರಲಾಯಿತು. ನಾಲ್ಕು ಹಡಗುಗಳು ಕೆಲವೇ ತಿಂಗಳಲ್ಲಿ ಗಳಿಸಲು ನೆರವಾದ ಸ್ವಾತಂತ್ರ್ಯವು ಅದೇ ದಡದ ದುಡಿಯುವ ಜನರನ್ನು ಮುಟ್ಟಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ಗೆಲುವನ್ನು ಸಾಧಿಸುವುದಕ್ಕಿಂತ ಅದನ್ನು ಹಂಚಿಕೊಳ್ಳುವುದೇ ಕಠಿಣ ಸಾಧನೆಯೆಂಬುದನ್ನು ನಾವೂ ಮರೆಯಬಾರದು.