ಸರಮೆಯ ಪ್ರಶ್ನೆ

ನಾಯಿಯನ್ನು ಅಪರಾಧಿಯೆನ್ನಬಹುದೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲಘುವಾಗಿ ಕಂಡರೂ, ಸಾಕಿದ ನಾಯಿ ಮನೆಗೆ ಬಂದವರನ್ನು ಕಚ್ಚಿದಾಗ, ಅಥವಾ ಬಾಗಿಲಿಗೆ ಬೀಗ ಹಾಕಿ ಹೊರಟೊಡನೆ ಊಳಿಟ್ಟು ಚಪ್ಪಲಿ, ಹಾಸಿಗೆಗಳನ್ನು ಹರಿದುಹಾಕಿದಾಗ, ಅದಕ್ಕೆ ಬೇಕಾದುದು ದಂಡನೆಯೋ ಪಾಠವೋ ಔಷಧವೋ ಎಂಬ ತೀರ್ಮಾನ ಈ ಪ್ರಶ್ನೆಗೆ ಕೊಡುವ ಉತ್ತರವನ್ನೇ ಅವಲಂಬಿಸಿರುತ್ತದೆ. ಕನ್ನಡದಲ್ಲಿ ಶಿಕ್ಷಣವೂ ಶಿಕ್ಷೆಯೂ ಒಂದೇ ಧಾತುವಿನಿಂದ ಬಂದ ಮಾತುಗಳಾಗಿರುವುದರಿಂದ ಈ ತೀರ್ಮಾನ ಇನ್ನಷ್ಟು ಗೋಜಲಾಗಿದೆ.

ಮಹಾಭಾರತದ ಆದಿಪರ್ವವು ಸರ್ಪಯಾಗದ ಕಥೆಗೆ ಬರುವ ಮೊದಲೇ ಈ ಪ್ರಶ್ನೆಯನ್ನು ನಾಯಿಯೊಂದರ ಬಾಯಿಂದ ಕೇಳಿಸುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗ ನಡೆಸುತ್ತಿದ್ದಾಗ ಅಲ್ಲಿಗೆ ಬಂದ ಮರಿನಾಯಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ದೇವಲೋಕದ ನಾಯಿಯಾದ ತಾಯಿ ಸರಮೆ ಯಾಗಶಾಲೆಗೇ ಬಂದು, ತನ್ನ ಮಗ ಹವಿಸ್ಸನ್ನು, ಎಂದರೆ ಅಗ್ನಿಗೆ ಅರ್ಪಿಸಲಿಟ್ಟ ದ್ರವ್ಯವನ್ನು, ನೆಕ್ಕುವುದಿರಲಿ, ಕಣ್ಣೆತ್ತಿಯೂ ನೋಡಲಿಲ್ಲ, ಹಾಗಿರುವಾಗ ಹೊಡೆದದ್ದೇಕೆ ಎಂದು ಕೇಳುತ್ತಾಳೆ. ನಾಯಿಯೆಂದರೆ ಹವಿಸ್ಸನ್ನು ಮೈಲಿಗೆ ಮಾಡುವ ಪ್ರಾಣಿ ಎಂಬ ಜಾತಿವಿಷಯಕ ತಿಳುವಳಿಕೆ ಹೊಡೆದವರ ಬಳಿ ಇದ್ದಿರಬೇಕು. ಎದುರಿಗಿದ್ದ ಆ ಒಂದು ನಾಯಿಯ ವಿಚಾರಣೆ ಮಾತ್ರ ನಡೆದಿರಲಿಲ್ಲ.

ಅಂತಹ ವಿಚಾರಣೆಯ ಮಾದರಿಯೊಂದು ಅನಿರೀಕ್ಷಿತವಾಗಿ, ವೈದಿಕ ಕರ್ಮಗಳನ್ನು ವಿಚಾರಿಸುವ ಪೂರ್ವಮೀಮಾಂಸೆಯಲ್ಲಿ ಸಿಗುತ್ತದೆ. ಯಜ್ಞಕ್ಕೆ ಅಧಿಕಾರ ಯಾರಿಗೆ, ಎಂದರೆ ಕರ್ಮವನ್ನು ವಿಧಿಸಿರುವುದು ಯಾರನ್ನು ಉದ್ದೇಶಿಸಿ, ಎಂಬ ಚರ್ಚೆಯಲ್ಲಿ ಶಬರಸ್ವಾಮಿ ತನ್ನ ಭಾಷ್ಯದಲ್ಲಿ ಒಂದು ಪೂರ್ವಪಕ್ಷವನ್ನು, ಎಂದರೆ ಎದುರುವಾದವನ್ನು, ಎತ್ತುತ್ತಾನೆ: ನಾಯಿಗಳು ಚತುರ್ದಶಿಯಂದು ಉಪವಾಸವಿರುವುದು ಕಾಣುತ್ತದಲ್ಲ, ಅವುಗಳಿಗೂ ಧರ್ಮ ತಿಳಿದಿರಬಾರದೇಕೆ? ವೇದವನ್ನು ಅರಿಯದ ಪ್ರಾಣಿ ಪರಲೋಕಕ್ಕಾಗಿ ಉಪವಾಸ ಮಾಡಲಾರದು, ಅದು ಉಣ್ಣದಿರುವುದಕ್ಕೆ ಕಾಯಿಲೆಯಂತಹ ಕಾರಣವಿರಬೇಕು ಎಂಬುದು ಅವನ ಸಮಾಧಾನ. ನಾಯಿಗೆ ಪುಣ್ಯವನ್ನು ನಿರಾಕರಿಸುವ ಈ ವಾದ ಅದೇ ಉಸಿರಿನಲ್ಲಿ ಪಾಪವನ್ನೂ ನಿರಾಕರಿಸುತ್ತದೆ, ಏಕೆಂದರೆ ವಿಧಿ ತಿಳಿಯದವನಿಗೆ ನಿಷೇಧವೂ ತಿಳಿಯದು. ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದ ನಾಯಿಯನ್ನು ತರಬೇತಿಗೆ ಒಪ್ಪಿಸುವ ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿಯ ಸೋಂಕೋ ಕೀಲುನೋವೋ ಇದೆಯೇ ಎಂದು ನೋಡಬೇಕೆನ್ನುವ ಇಂದಿನ ನಡತೆ ತಜ್ಞರ ಕ್ರಮ ಶಬರನ ಸಮಾಧಾನಕ್ಕೆ ಬಹಳ ದೂರವಿಲ್ಲ.

ತಪ್ಪು ಮಾಡಿದ್ದು ನಾಯಿಗೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ ಎಂದು ಸಾಕಿದವರು ವಾದಿಸುವುದುಂಟು. ನಾಯಿಗಳ ನಡತೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಿವಿ ಹಿಂದಕ್ಕೆಳೆದು ಕಣ್ಣು ತಪ್ಪಿಸುವ ಆ 'ತಪ್ಪಿತಸ್ಥ' ಮುಖ ನಾಯಿ ನಿಜವಾಗಿ ತಿಂಡಿ ಕದ್ದಿತ್ತೇ ಇಲ್ಲವೇ ಎಂಬುದಕ್ಕೆ ಹೊಂದಿಕೊಳ್ಳದೆ, ಒಡೆಯರ ಗದರಿಕೆಗೆ ಹೊಂದಿಕೊಂಡು ಕಾಣಿಸಿಕೊಂಡಿತು. ಅದಕ್ಕಿಂತ ಕಠೋರವಾದುದು ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ 1967ರಲ್ಲಿ ವರದಿ ಮಾಡಿದ್ದು: ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಗಳನ್ನು ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು ಮುಂದೆ ತಪ್ಪಿಸಿಕೊಳ್ಳುವ ದಾರಿಯಿದ್ದಾಗಲೂ ಸುಮ್ಮನೆ ಬಿದ್ದುಕೊಂಡವು. ಹೊಡೆತದಿಂದ ತೆಪ್ಪಗಾದ ನಾಯಿಯನ್ನು ಬುದ್ಧಿ ಕಲಿತ ನಾಯಿಯೆಂದು ನಂಬುವವರು ಈ ಸುಮ್ಮನಿರುವಿಕೆಯನ್ನು ಕುರಿತು ಯೋಚಿಸಬೇಕಾಗುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಸಾಧಕನ ಯೋಗ್ಯತೆಯನ್ನು ನೋಡಿ ಉಪದೇಶ ಬೇರೆಯಾಗಬೇಕೆಂಬ ಅಧಿಕಾರಿಭೇದದ ತತ್ತ್ವ ಗುರುಶಿಷ್ಯರಿಗಾಗಿ ಹುಟ್ಟಿದ್ದಾದರೂ, ಅದರ ತಿರುಳು ಇಲ್ಲಿಯೂ ಸಲ್ಲುತ್ತದೆ. ದೀಪಾವಳಿಯ ಪಟಾಕಿಗೆ ನಡುಗಿ ಮಂಚದಡಿ ಸೇರುವ ಎರಡು ನಾಯಿಗಳಿಗೆ, ಸದ್ದನ್ನು ಮೊದಲು ತೀರ ಮೆಲ್ಲಗೆ ಕೇಳಿಸಿ, ಅದರ ಬೆನ್ನಿಗೇ ಇಷ್ಟದ ತಿನಿಸು ಕೊಟ್ಟು, ದಿನಗಳೆದಂತೆ ಸದ್ದನ್ನು ಏರಿಸುತ್ತ ಹೋಗುವ ವಿಧಾನ ಒಂದೇ ಆಗಿರಬಹುದು. ಆದರೆ ಯಾವ ಮಟ್ಟದಲ್ಲಿ ನಾಯಿ ತಿನ್ನುವುದನ್ನು ನಿಲ್ಲಿಸುತ್ತದೆ, ಎಂದರೆ ಅದರ ಸಹನೆಯ ಅಂಚು ಎಲ್ಲಿದೆ, ಎಂಬುದನ್ನು ಆ ನಾಯಿಯ ಎದುರಿಗೆ ಕುಳಿತೇ ಅರಿಯಬೇಕು. ಅದಕ್ಕಾಗಿಯೇ ಒಳ್ಳೆಯ ತರಬೇತುದಾರರು ಮೊದಲ ಭೇಟಿಯ ಬಹುಪಾಲನ್ನು, ನಾಯಿ ಎಲ್ಲಿಂದ ಬಂತು, ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಕಚ್ಚುವ ಮುನ್ನ ಏನಾಗಿತ್ತು, ಆಗ ಮನೆಯವರು ಏನು ಮಾಡಿದರು ಎಂದು ಕೇಳುವುದರಲ್ಲೇ ಕಳೆಯುತ್ತಾರೆ. ಉತ್ತರಗಳು ಅನೇಕ ವೇಳೆ ನಾಯಿಗಿಂತ ಹೆಚ್ಚಾಗಿ ಮನೆಯವರ ಕುರಿತೇ ಇರುತ್ತವೆಂಬುದು ಬೇರೆ ಮಾತು.

ನಾಯಿಗೆ ಧರ್ಮದ ಅರಿವೇ ಅಸಾಧ್ಯವೆಂಬ ಮೀಮಾಂಸಕರ ಮಾತನ್ನು ಜೈನರು ಒಪ್ಪುವುದಿಲ್ಲ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳ ಪ್ರಾಣಿಯನ್ನು ಅವರು ಸಂಜ್ಞಿ ಎನ್ನುತ್ತಾರೆ. ಅಂತಹ ತಿರ್ಯಂಚ, ಎಂದರೆ ಪ್ರಾಣಿವರ್ಗದ, ಜೀವಿ ಗೃಹಸ್ಥನಂತೆ ಆಂಶಿಕ ವ್ರತವನ್ನೂ ಪಾಲಿಸಬಲ್ಲದು. ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದ, ಜೈನ ಕಥಾನಾಯಕ ಜೀವಂಧರನ ಕಥಾಪರಂಪರೆಯಲ್ಲಿ, ಯಾಗದ ಅನ್ನವನ್ನು ಮುಟ್ಟಿದ್ದಕ್ಕೆ ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರ ಜೈನರ ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಅದು ಯಕ್ಷನಾಗಿ ಹುಟ್ಟಿ ಅವನ ಗೆಳೆಯನಾಗುತ್ತದೆ. ಸರಮೆಯ ಮಗ ಹವಿಸ್ಸನ್ನು ಮುಟ್ಟಿರಲಿಲ್ಲ, ಈ ನಾಯಿ ಮುಟ್ಟಿತ್ತು. ಜೀವಂಧರನಿಗೆ ಆ ವ್ಯತ್ಯಾಸ ಮುಖ್ಯವಾಗಲಿಲ್ಲ. ಸಾಯುವ ಗಳಿಗೆಯಲ್ಲೂ ಅದು ಕೇಳಿಸಿಕೊಳ್ಳಬಲ್ಲದೆಂಬುದಷ್ಟೇ ಮುಖ್ಯವಾಯಿತು.

ಯಾಗಶಾಲೆಯಲ್ಲಿ ಸರಮೆಗೆ ಯಾರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮ್ಮ ಮೇಲೆ ಬರಲಿ ಎಂದು ಆಕೆ ಶಪಿಸಿ ಹೋದಳು. ಜನಮೇಜಯ ಹಸ್ತಿನಾಪುರಕ್ಕೆ ಮರಳಿ, ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನಿಗಾಗಿ ಅಲೆದು ಸೋಮಶ್ರವಸನನ್ನು ಕರೆತಂದ. ಹೊಡೆದದ್ದೇಕೆಂದು ತಮ್ಮಂದಿರನ್ನು ಕೇಳಿದನೆಂದು ಮಾತ್ರ ಕಥೆ ಹೇಳುವುದಿಲ್ಲ.