ಮಣಿಯುವವರಿಗೂ ಒಂದು ನೆಲೆ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪುತ್ತೂರು, ಸುಳ್ಯ ಕಡೆಯ ಗ್ಯಾರೇಜುಗಳಿಗೆ ಸಣ್ಣ ಕಾರುಗಳು ಹೆಚ್ಚಾಗಿ ಒಂದೇ ದೂರು ಹೊತ್ತು ಬರುತ್ತವೆ. ಹಿಂದಿನ ಚಕ್ರದ ಕಡೆಯಿಂದ ಸದ್ದು. ಗೇಟು ದಾಟಿ ಮೆಲ್ಲಗೆ ಮಣ್ಣುರಸ್ತೆಗೆ ಇಳಿಯುವಾಗ, ಪೇಟೆಯ ಹಂಪ್ ಹತ್ತಿ ಇಳಿಯುವಾಗ, ಟಕ್ ಟಕ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. 2014ರಲ್ಲಿ ತಯಾರಿಕೆ ನಿಂತರೂ ಇನ್ನೂ ತೋಟದ ದಾರಿಗಳಲ್ಲಿ ಓಡುತ್ತಿರುವ ಮಾರುತಿ 800 ಆಗಿರಲಿ, ವರ್ಷಗಟ್ಟಲೆ ಸಂಪಾಜೆ ಘಾಟಿ ಹತ್ತಿಳಿದ ಆಲ್ಟೊ ಆಗಿರಲಿ, ಸದ್ದು ಕೇಳಿದ ಕೂಡಲೇ ಒಡೆಯನ ಮನಸ್ಸು ದೊಡ್ಡ ಭಾಗಗಳ ಕಡೆಗೇ ಓಡುತ್ತದೆ. ಸ್ಪ್ರಿಂಗ್ ತುಂಡಾಯಿತೇ? ಶಾಕ್ ಅಬ್ಸಾರ್ಬರ್ ಹೋಯಿತೇ? ಖರ್ಚು ಎಷ್ಟಾದೀತು?

ಅನುಭವಿ ಮೆಕ್ಯಾನಿಕ್ ಅವಸರ ಮಾಡುವುದಿಲ್ಲ. ಡಿಕ್ಕಿಯ ಮೇಲೆ ಎರಡೂ ಕೈ ಊರಿ ಕಾರನ್ನು ಬಲವಾಗಿ ಕೆಳಕ್ಕೆ ಒತ್ತಿ ಬಿಡುತ್ತಾನೆ. ಕಾರು ಎದ್ದು ಬೇಗ ಸ್ತಿಮಿತಕ್ಕೆ ಬಂದರೆ ಶಾಕ್ ಕೆಲಸ ಮಾಡುತ್ತಿದೆ. ಕುಣಿಯುತ್ತಲೇ ಇದ್ದರೆ ಅದರ ಆಯುಷ್ಯ ಮುಗಿದಿದೆ. ಶಾಕ್‌ನ ಮೈಮೇಲೆ ಎಣ್ಣೆ ಸೋರಿದ ಗುರುತಿದೆಯೇ ಎಂದು ನೋಡುತ್ತಾನೆ. ಕೊನೆಗೆ ಅಡಿಗೆ ನುಸುಳಿ, ಶಾಕ್‌ನ ಕೆಳತುದಿಯನ್ನು ಲಿವರಿನಿಂದ ಮೀಟುತ್ತಾನೆ. ಅಲ್ಲಿ ಲೊಡಲೊಡ ಅಲುಗಾಟ ಕಾಣುತ್ತದೆ. "ಶಾಕ್ ಸರಿ ಉಂಟು ಸರ್, ಬುಷ್ ಹೋಗಿದೆ" ಎನ್ನುತ್ತಾನೆ.

ಬುಷ್ ಎಂದರೆ ಒಂದು ಸಣ್ಣ ರಬ್ಬರಿನ ತುಂಡು. ದಪ್ಪನೆಯ ಉರುಳೆ, ಅದರ ನಡುವೆ ಒಂದು ಉಕ್ಕಿನ ಕೊಳವೆ. ಶಾಕ್‌ನ ತುದಿಯಲ್ಲಿರುವ ಉಂಗುರದೊಳಗೆ ಅದು ಕೂರುತ್ತದೆ; ಕೊಳವೆಯ ಮೂಲಕ ಹಾದ ಬೋಲ್ಟ್ ಅದನ್ನು ಆಕ್ಸಲ್‌ಗೆ ಕಟ್ಟುತ್ತದೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್‌ನ ಕುಣಿತವನ್ನು ತನ್ನೊಳಗಿನ ಎಣ್ಣೆಯಿಂದ ತಡೆದು, ಶಾಖವಾಗಿ ಕಳೆಯುವುದು ಶಾಕ್. ಇವೆರಡರ ಹೆಸರು ಎಲ್ಲರಿಗೂ ಗೊತ್ತು. ಆದರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಶಾಕ್‌ನ ಓರೆ ತುಸು ಬದಲಾಗಬೇಕು. ಆ ಬದಲಾವಣೆಗೆ ಎಡೆ ಮಾಡಿಕೊಡುವುದು ಬುಷ್. ಅದು ಎಡೆ ಮಾಡುವ ರೀತಿ ವಿಶೇಷವಾದದ್ದು. ಅಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ಒಳಗಿನ ಕೊಳವೆಯನ್ನು ಬೋಲ್ಟ್ ಕಚ್ಚಿ ಹಿಡಿದಿರುತ್ತದೆ, ಹೊರಮೈಯನ್ನು ಉಂಗುರ ಅದುಮಿ ಹಿಡಿದಿರುತ್ತದೆ. ಎರಡು ಹಿಡಿತಗಳ ನಡುವಿನ ರಬ್ಬರು ತನ್ನ ಮೈಯನ್ನೇ ತಿರುಚಿಕೊಂಡು ಚಲನೆಗೆ ಜಾಗ ಕೊಡುತ್ತದೆ, ಮರುಗಳಿಗೆಯಲ್ಲಿ ತನ್ನ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಅದಕ್ಕೆ ಗ್ರೀಸ್ ಬೇಕಿಲ್ಲ. ಅದು ಚೆನ್ನಾಗಿರುವವರೆಗೆ ಸದ್ದೂ ಇಲ್ಲ.

ಈ ಮರಳುವ ಗುಣ ರಬ್ಬರಿಗೆ ಹುಟ್ಟಿನಿಂದ ಪೂರ್ತಿಯಾಗಿ ಬರುವುದಿಲ್ಲ. ನಮ್ಮ ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರು ನಸುಕಿನಲ್ಲೇ, ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತಾರೆ. ತಂಪು ಹೊತ್ತಿನಲ್ಲಿ ಮರದೊಳಗಿನ ಒತ್ತಡ ಹೆಚ್ಚಿರುವುದರಿಂದ ಹಾಲು ಚೆನ್ನಾಗಿ ಇಳಿಯುತ್ತದೆ. ಆ ಹಾಲು ಹೆಪ್ಪುಗಟ್ಟಿ ಆದ ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗಿ, ಚಳಿಗೆ ಗಡುಸಾಗಿ, ಎಳೆದರೆ ಎಳೆದತ್ತ ಉಳಿದುಬಿಡುವಂಥದು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಸ್ವಭಾವವೇ ಬದಲಾಗುತ್ತದೆ ಎಂಬುದನ್ನು ಕಂಡುಕೊಂಡ. ರಬ್ಬರಿನ ಉದ್ದುದ್ದ ಎಳೆಗಳನ್ನು ಗಂಧಕ ಅಲ್ಲಲ್ಲಿ ಗಂಟು ಹಾಕಿ ಹಿಡಿಯುತ್ತದೆ. ಗಂಟುಗಳು ತೀರ ಕಡಿಮೆಯಾದರೆ ರಬ್ಬರು ಹಿಗ್ಗಿ ಹೋಗುತ್ತದೆ, ಹಿಂದಿರುಗುವುದಿಲ್ಲ. ತೀರ ಹೆಚ್ಚಾದರೆ ಹಳೆಯ ಶಾಯಿ ಪೆನ್ನುಗಳ ಮೈಗೆ ಬಳಸುತ್ತಿದ್ದ ಎಬೊನೈಟ್ ಆಗುತ್ತದೆ, ಗಡುಸಾಗಿ ಮಣಿಯುವುದನ್ನೇ ಬಿಡುತ್ತದೆ. ಮಣಿಯಬೇಕು, ಮಣಿದದ್ದು ಮರಳಲೂಬೇಕು. ಆ ಹದ ಇರುವುದು ಗಂಟುಗಳ ಪ್ರಮಾಣದಲ್ಲಿ.

ಇಷ್ಟು ಹದವಾಗಿ ಮಾಡಿದ್ದೂ ಸವೆಯುತ್ತದೆ. ಬಿಸಿ, ಎಣ್ಣೆ, ಗಾಳಿಯಲ್ಲಿನ ಓಝೋನ್, ಕೊನೆಯಿಲ್ಲದ ತಿರುಚಾಟ ಎಲ್ಲ ಸೇರಿ ರಬ್ಬರಿನಲ್ಲಿ ಸಣ್ಣ ಬಿರುಕು ಮೂಡುತ್ತದೆ. ಬಿರುಕು ಆಳಕ್ಕಿಳಿದು ಕೊಳವೆಯ ಸುತ್ತ ಸಂದು ಬೀಳುತ್ತದೆ. ಅಷ್ಟೂ ಕಾಲ ಬುಷ್ ಒಂದು ಮಾತನ್ನೂ ಆಡುವುದಿಲ್ಲ. ಅದು ತನ್ನ ಜಾಗ ಬಿಟ್ಟ ಮೇಲೆ ಎರಡು ಗಟ್ಟಿ ವಸ್ತುಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ನಮಗೆ ಕೇಳುವುದು ಆ ಸದ್ದು.

ದುರಸ್ತಿ ದೊಡ್ಡದೇನಲ್ಲ, ಆದರೆ ಶ್ರದ್ಧೆ ಬೇಡುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಬದಿಯನ್ನು ಜ್ಯಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜ್ಯಾಕನ್ನು ನಂಬಿ ಅಡಿಗೆ ಹೋಗಬಾರದು. ಮಳೆನೀರು ಕುಡಿದು ತುಕ್ಕು ಹಿಡಿದ ಬೋಲ್ಟನ್ನು ತಂತಿ ಬ್ರಷ್‌ನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಹಳೆಯ ರಬ್ಬರನ್ನು ಒತ್ತಿ ತೆಗೆದು ಉಂಗುರದ ಒಳಮೈ ಶುಚಿ ಮಾಡಬೇಕು. ಹೊಸ ಬುಷ್ ಕೂರಿಸುವಾಗ ಸೋಪಿನ ನೀರು ಸವರುತ್ತಾರೆ, ಗ್ರೀಸ್ ಮುಟ್ಟಿಸುವುದಿಲ್ಲ. ಪೆಟ್ರೋಲಿಯಂ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರು ಊದಿಕೊಂಡು ಕೆಡುತ್ತದೆ. ಒಂದು ಬದಿಯದು ಹೋಗಿದ್ದರೂ ಎರಡೂ ಬದಿಗೆ ಹೊಸದನ್ನು ಹಾಕುವುದು ಒಳ್ಳೆಯ ಪದ್ಧತಿ. ಒಂದೇ ರಸ್ತೆಯನ್ನು ಎರಡೂ ಸಮನಾಗಿ ಉಂಡಿವೆ.

ಇಷ್ಟಾದ ಮೇಲೆ ಉಳಿಯುವುದು ಕೊನೆಯ ಬಿಗಿತ. ಒಳ್ಳೆಯ ಕೆಲಸಗಾರನ ಗುರುತು ಸಿಗುವುದು ಇಲ್ಲಿ. ಕಾರು ಇನ್ನೂ ಮೇಲಿರುವಾಗ ಅವನು ಕೆಳಗಿನ ಬೋಲ್ಟನ್ನು ಪೂರ್ತಿ ಬಿಗಿಯುವುದಿಲ್ಲ. ಹಿಡಿದು ನಿಲ್ಲುವಷ್ಟು ತಿರುಗಿಸಿ ಬಿಡುತ್ತಾನೆ. ಕಾರನ್ನು ನೆಲಕ್ಕಿಳಿಸಿ, ಚಕ್ರಗಳ ಮೇಲೆ ಪೂರ್ತಿ ಭಾರ ಬಂದು, ಅದು ದಿನವೂ ನಿಲ್ಲುವ ಎತ್ತರಕ್ಕೆ ಬಂದ ಮೇಲೆ ಸ್ಪ್ಯಾನರ್ ಹಾಕಿ ಗಟ್ಟಿ ಮಾಡುತ್ತಾನೆ. ಕಾರಣ ಇದು: ಬಿಗಿದ ಗಳಿಗೆಯಲ್ಲಿ ಬುಷ್ ಯಾವ ಭಂಗಿಯಲ್ಲಿರುತ್ತದೋ ಅದೇ ಅದರ ವಿಶ್ರಾಂತಿಯ ಭಂಗಿ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬಿಗಿದರೆ, ಕಾರು ಕೆಳಗಿಳಿದು ನಿಂತ ಕ್ಷಣದಲ್ಲೇ ರಬ್ಬರು ತಿರುಚಿಕೊಂಡಿರುತ್ತದೆ. ರಾತ್ರಿಯಿಡೀ ಶೆಡ್ಡಿನಲ್ಲಿ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಬೆಳಿಗ್ಗೆ ರಸ್ತೆಗಿಳಿದಾಗ ಹೊಸ ತಿರುಚು ಹಳೆಯದರ ಮೇಲೆ ಬೀಳುತ್ತದೆ. ಹೊಸ ಬುಷ್ ಕೂಡ ಹಾಗೆ ಅಕಾಲದಲ್ಲಿ ಹರಿಯುತ್ತದೆ.

ಈ ಮಾತು ಮನುಷ್ಯರಿಗೂ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಎರಡು ಗಟ್ಟಿ ಪಕ್ಷಗಳ ನಡುವೆ ತಾವು ಮಣಿದು ಬದುಕನ್ನು ಸಾಗಿಸುವವರು ಎಲ್ಲೆಡೆ ಇದ್ದಾರೆ. ಆಸ್ತಿ ಪಾಲಿನ ಮಾತೆದ್ದ ಮನೆಯಲ್ಲಿ ಇಬ್ಬರು ಮಕ್ಕಳ ನಡುವೆ ನಿಲ್ಲುವ ತಾಯಿ. ಸರಕಾರಿ ಆಸ್ಪತ್ರೆಗೂ ಹಳ್ಳಿಯ ಮನೆಗಳಿಗೂ ನಡುವೆ ಓಡಾಡಿ ಎರಡೂ ಕಡೆಯ ಗದರಿಕೆ ಕೇಳುವ ಆಶಾ ಕಾರ್ಯಕರ್ತೆ. ಸುಳ್ಯ, ಪುತ್ತೂರಿನ ಸುತ್ತ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ ಅನೇಕ ತಮಿಳು ಕುಟುಂಬಗಳೂ ಅಂಥವೇ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದ ಎಸ್ಟೇಟುಗಳಿಂದ ಇಲ್ಲಿಗೆ ಬಂದವರು. ಎರಡು ಸರಕಾರಗಳು ಸಹಿ ಹಾಕಿದವು; ಬದುಕನ್ನೇ ತಿರುಗಿಸಿಕೊಂಡವರು ಇವರು. ಇಂಥವರೆಲ್ಲ ದೀರ್ಘಕಾಲ ಸದ್ದು ಮಾಡುವುದಿಲ್ಲ. ಆದ್ದರಿಂದಲೇ ಅವರು ನಮ್ಮ ಗಮನಕ್ಕೆ ಬರುವುದು ತಡವಾಗಿ.

ಅವರು ಬಳಲಿದ್ದು ಗೊತ್ತಾದಾಗ ನಾವು ಇನ್ನಷ್ಟು ತಾಳ್ಮೆಯನ್ನು ಬೋಧಿಸುತ್ತೇವೆ, ಅಥವಾ ಅವರ ತ್ಯಾಗವನ್ನು ಹೊಗಳುತ್ತೇವೆ. ಅವರಿಗೆ ಬೇಕಾದದ್ದು ಬೇರೆಯೇ. ತಾಯಿಯ ಪಾಲಿಗೆ ಯಾವ ಕೆಲಸ, ಸೊಸೆಯ ಪಾಲಿಗೆ ಯಾವುದು, ಊರಲ್ಲೇ ಉಳಿದ ಮಗನಿಗೆ ಎಷ್ಟು ಹೊಣೆ ಎಂಬುದನ್ನು ನಾವು ನಿಶ್ಚಯಿಸಿದ್ದು ಯಾವಾಗ? ಬಹುಪಾಲು ಮನೆಗಳಲ್ಲಿ ಅದು ಭಾರವಿಲ್ಲದ ದಿನಗಳಲ್ಲಿ ಆದದ್ದು. ಅಜ್ಜ ಹಾಸಿಗೆ ಹಿಡಿದಿರಲಿಲ್ಲ, ಸಾಲದ ಕಂತು ಶುರುವಾಗಿರಲಿಲ್ಲ, ಮಕ್ಕಳು ಹುಟ್ಟಿರಲಿಲ್ಲ. ಆಗ ಬಿಗಿದ ಏರ್ಪಾಡನ್ನು ಇಂದಿಗೂ ಹಾಗೇ ಇಟ್ಟಿದ್ದೇವೆ. ಬದುಕು ಪೂರ್ತಿ ಭಾರದೊಂದಿಗೆ ಕೆಳಗಿಳಿದಿದೆ, ಬೋಲ್ಟ್ ಹಳೆಯ ಎತ್ತರದಲ್ಲೇ ಕಚ್ಚಿದೆ. ಹೀಗಾಗಿ ಏನೂ ಜಗಳವಿಲ್ಲದ ದಿನದಲ್ಲೂ ನಡುವಿನವರಿಗೆ ನೆಮ್ಮದಿಯಿಲ್ಲ. ಭಾನುವಾರ ಕುರ್ಚಿಯಲ್ಲಿ ಕುಳಿತಾಗಲೂ ಅವರ ಒಳಗು ತಿರುಚಿಕೊಂಡೇ ಇರುತ್ತದೆ. ಅವರಲ್ಲಿ ಸಹನೆ ಕಡಿಮೆಯಿದೆ ಎಂದು ನಾವು ತಿಳಿಯುತ್ತೇವೆ. ನಿಜವೆಂದರೆ, ಮರಳಿ ನಿಲ್ಲುವ ನೆಲೆಯನ್ನೇ ನಾವು ಅವರಿಗೆ ಕೊಟ್ಟಿಲ್ಲ.

ಮಣಿಯುವುದು ದೊಡ್ಡ ಶಕ್ತಿ. ಆದರೆ ಆ ಶಕ್ತಿ ಹುಟ್ಟುವುದು ಮರಳುವ ಅವಕಾಶದಿಂದ. ದಿನಕ್ಕೊಂದಿಷ್ಟು ಹೊತ್ತಾದರೂ ಯಾರ ಪರವಾಗಿಯೂ ಮಾತಾಡಬೇಕಿಲ್ಲದ, ಯಾರನ್ನೂ ಸಮಾಧಾನ ಮಾಡಬೇಕಿಲ್ಲದ ಸ್ಥಿತಿ ಸಿಕ್ಕರೆ ಅವರು ಮತ್ತೆ ನೂರು ಸಲ ಮಣಿದಾರು.

ತಪ್ಪು ಎತ್ತರದಲ್ಲಿ ಬಿಗಿದ ಬುಷ್ ಇನ್ನೂ ಹರಿದಿಲ್ಲವಾದರೆ ಮೆಕ್ಯಾನಿಕ್‌ಗೆ ಹೊಸ ಸಾಮಾನೇ ಬೇಡ. ಕಾರು ನೆಲದ ಮೇಲಿರುವಾಗ ಬೋಲ್ಟನ್ನು ಸಡಿಲಿಸಿದರೆ ರಬ್ಬರು ತಾನಾಗಿ ಸರಿಯಾದ ಭಂಗಿಗೆ ಬರುತ್ತದೆ. ಮತ್ತೆ ಬಿಗಿದರೆ ಆಯಿತು. ಮನೆಯಲ್ಲೂ ಕಚೇರಿಯಲ್ಲೂ ನಮಗಿರುವ ಕೆಲಸ ಅದೇ. ಇಂದು ನಮ್ಮ ನಡುವೆ ನಿಂತವರು ಯಾರು ಎಂದು ನೋಡೋಣ. ಅವರ ಮೇಲಿನ ಇಂದಿನ ಭಾರ ಎಷ್ಟು ಎಂದು ಅವರನ್ನೇ ಕೇಳೋಣ. ಹಳೆಯ ಏರ್ಪಾಡನ್ನು ಒಮ್ಮೆ ಸಡಿಲಿಸಿ, ಆ ಭಾರಕ್ಕೆ ತಕ್ಕಂತೆ ಮತ್ತೆ ಕಟ್ಟೋಣ. ಸದ್ದು ಬರುವ ಮೊದಲೇ ಈ ಕೆಲಸ ಮಾಡಿದರೆ ಯಾರನ್ನೂ ಕಳೆದುಕೊಳ್ಳಬೇಕಾಗಿಲ್ಲ.